ನಮ್ಮ ಕೆನಾಲಿನ ಸೊಳ್ಳೆ ಯಾವುದು ಅಂತ ನೋಡಿ ಹೇಳಿ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ,
ಕಲಬುರಗಿ

ಮಾನ್ಯರೇ,

ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನಲ್ಲಿ ಪ್ರೌಢಶಾಲೆ ಮಕ್ಕಳಿಗೆ ವಿಜ್ಞಾನ ಕಲಿಸುವ ಮೇಷ್ಟ್ರು. ನಿಮ್ಮ ಮಂಡಳಿಗೆ ದಿನಾ ಅರ್ಜಿಗಳು ಬರುತ್ತವೆ. ರಸ್ತೆ ಬೇಕು, ಶಾಲೆಗೆ ಕೋಣೆ ಬೇಕು, ಸಮುದಾಯ ಭವನ ಬೇಕು ಅಂತ. ನನ್ನ ಅರ್ಜಿ ಸ್ವಲ್ಪ ವಿಚಿತ್ರವಾಗಿದೆ. ನಮ್ಮ ಕೆನಾಲಿನ ದಂಡೆಯಲ್ಲಿ ಹುಟ್ಟುವ ಸೊಳ್ಳೆ ಯಾವ ಜಾತಿಯದು ಅಂತ ಯಾರಾದರೂ ನೋಡಿ ಹೇಳಬೇಕು. ಅದನ್ನು ನೋಡುವುದಕ್ಕೆ ನಮ್ಮ ಭಾಗದಲ್ಲೇ ಒಂದು ಜಾಗ ಬೇಕು. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು, "ಸೊಳ್ಳಿಗೂ ಜಾತಿ ಕೇಳೋ ಕಾಲ ಬಂತೇನ್ರಿ ಸರ್?" ಅಂತ ನಕ್ಕರು. ನಾನೂ ನಕ್ಕೆ. ಆದರೆ ಈ ಒಂದು ವಿಷಯದಲ್ಲಿ ಜಾತಿ ಕೇಳಲೇಬೇಕು.

ಎರಡು ವರ್ಷದ ಹಿಂದಿನ ಮಾತು. ಮಳೆಗಾಲ ಮುಗಿಯುತ್ತಾ ಬಂದಿತ್ತು. ನಾರಾಯಣಪುರ ಡ್ಯಾಮಿನಿಂದ ಬಿಟ್ಟ ನೀರು ಕೆನಾಲಿನಲ್ಲಿ ತುಂಬಿ ಹರಿಯುತ್ತಿತ್ತು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಶಾಲೆಗೆ ಬರುವುದು ನಿಂತಿತು. ದಿನ ಬಿಟ್ಟು ದಿನ ಚಳಿಜ್ವರ. ರಕ್ತ ಪರೀಕ್ಷೆ ಮಾಡಿದರೆ ವೈವ್ಯಾಕ್ಸ್ ಮಲೇರಿಯಾ ಅಂತ ಬಂತು. ಕ್ಲೋರೋಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ ಅಂತ ಗುಳಿಗೆ ಕೊಟ್ಟರು. ಮೂರನೇ ದಿನಕ್ಕೆ ಜ್ವರ ಬಿಟ್ಟಿತು, ಹುಡುಗಿ ಎದ್ದು ಓಡಾಡಿದಳು. ಉಳಿದ ಗುಳಿಗೆಗಳು ಗೂಡಿನಲ್ಲಿ ಅರಿಶಿನದ ಡಬ್ಬಿಯ ಹಿಂದೆ ಕೂತವು. ಎರಡು ತಿಂಗಳಾಗುವಷ್ಟರಲ್ಲಿ ಮತ್ತೆ ಅದೇ ನಡುಕ. ವೈವ್ಯಾಕ್ಸ್ ರೋಗಾಣು ಲಿವರ್‌ನಲ್ಲಿ ಅಡಗಿ ಕೂತಿರುತ್ತದೆ, ಅದನ್ನು ಮುಗಿಸುವುದಕ್ಕೇ ಆ 14 ದಿನದ ಗುಳಿಗೆ ಅಂತ ಆ ತಾಯಿಗೆ ಎದುರು ಕೂತು ಹೇಳಿದವರು ಯಾರೂ ಇರಲಿಲ್ಲ. ಹೇಳಬೇಕಿದ್ದವರಲ್ಲಿ ನಾನೂ ಒಬ್ಬ. "ಅನಾಫಿಲಿಸ್ ಹೆಣ್ಣು ಸೊಳ್ಳೆ" ಅಂತ ಒಂದು ಅಂಕದ ಉತ್ತರ ಬರೆಸಿ ಮುಂದಿನ ಪಾಠಕ್ಕೆ ಹೋಗಿದ್ದೆ.

ಜ್ವರದ ಸುದ್ದಿ ಹರಡಿದ ಮೇಲೆ ಊರಿಗೆ ಹೊಗೆ ಮಷಿನ್ ಬಂತು. ಸಂಜೆ ಆರರ ಹೊತ್ತಿಗೆ ಚರಂಡಿಗುಂಟ ಹೊಗೆ ಬಿಡುತ್ತಾ ಹೋದರು. ಹುಡುಗರು ಕೇಕೆ ಹಾಕುತ್ತಾ ಹಿಂದೆ ಓಡಿದರು. ಹಿರಿಯರಿಗೂ ಸಮಾಧಾನ, ಏನೋ ಒಂದು ನಡೀತಿದೆಯಲ್ಲ ಅಂತ. ಮಷಿನ್ ಹಿಡಿದವನನ್ನು ಕೇಳಿದೆ, ಇದು ಯಾವ ಸೊಳ್ಳೆಗಪ್ಪಾ? "ಎಲ್ಲಾ ಸಾಯ್ತಾವ್ರಿ ಸರ್" ಅಂದ. ಮರುದಿನ ರಾತ್ರಿ ಮೊದಲಿನ ಹಾಗೇ ಕಿವಿಯ ಹತ್ತಿರ ಹಾಡು ಶುರುವಾಯಿತು.

ನನಗೆ ಸುಮ್ನೆ ಇರಲು ಆಗಲಿಲ್ಲ. ಮಕ್ಕಳ ಕೈಗೆ ಖಾಲಿ ಜಾಮ್ ಬಾಟಲಿ ಕೊಟ್ಟು ನಾಲ್ಕು ಕಡೆಯಿಂದ ಹುಳ ಇರುವ ನೀರು ತರಿಸಿದೆ. ಒಂದು, ಹೊಗೆ ಬಿಟ್ಟ ಅದೇ ಚರಂಡಿ. ಎರಡು, ಕೆನಾಲಿನ ಬದಿ ನೀರು ಜಿನುಗಿ ನಿಂತ ಜೌಗು. ಮೂರು, ಎಮ್ಮೆಗಳ ಗೊರಸು ಕುಸಿದು ಆದ ಕುಳಿಗಳು. ನಾಲ್ಕನೆಯದು ನಮ್ಮದೇ ಮನೆಯ ಸಿಮೆಂಟಿನ ನೀರಿನ ಟಾಕಿ. ಬಾಟಲಿಗಳನ್ನು ಕಿಟಕಿಯಲ್ಲಿ ಸಾಲಾಗಿ ಇಟ್ಟೆವು. ಚರಂಡಿಯ ಹುಳಗಳು ತಲೆ ಕೆಳಗೆ ಮಾಡಿ, ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ಹಚ್ಚಿ ನೇತಾಡುತ್ತಿದ್ದವು. ಅವು ಕ್ಯುಲೆಕ್ಸ್. ಕಡಿಯುತ್ತವೆ, ನಿದ್ದೆ ಕೆಡಿಸುತ್ತವೆ, ಆನೆಕಾಲು ರೋಗ ತರಬಲ್ಲವು, ಮಲೇರಿಯಾ ತರುವುದಿಲ್ಲ. ಉಳಿದ ಮೂರೂ ಬಾಟಲಿಗಳಲ್ಲಿ ಹುಳಗಳು ಮೇಲ್ಮೈಗೆ ಸಮನಾಗಿ, ಕಡ್ಡಿ ತೇಲಿದ ಹಾಗೆ ಅಡ್ಡ ಮಲಗಿದ್ದವು. ಅದು ಅನಾಫಿಲಿಸ್‌ನ ಗುರುತು. ನನ್ನ ಟಾಕಿಯ ಬಾಟಲಿ ನೋಡಿ ಮಕ್ಕಳು ಕಿಸಕ್ಕನೆ ನಕ್ಕರು. ನಾಚಿಕೆಯಾಯಿತು, ಏನು ಮಾಡಲಿ. ಮಲೇರಿಯಾಕ್ಕೆ ಅಂತ ಬಂದ ಮಷಿನ್ ಹೊಗೆ ಬಿಟ್ಟದ್ದು ಮಲೇರಿಯಾ ಸೊಳ್ಳೆ ಹುಟ್ಟದ ಒಂದೇ ಜಾಗಕ್ಕೆ!

ಇಷ್ಟು ಮಾತ್ರ ಜಾಮ್ ಬಾಟಲಿಯಲ್ಲಿ ಕಾಣುತ್ತದೆ. ಟಾಕಿಯ ಅನಾಫಿಲಿಸ್ ಮತ್ತು ಕೆನಾಲಿನ ಅನಾಫಿಲಿಸ್ ಒಂದೇನಾ, ಬೇರೆಯಾ? ಅಲ್ಲಿಂದ ಮುಂದೆ ನನ್ನ ಶಾಲೆಯ ಸೂಕ್ಷ್ಮದರ್ಶಕ ಸಾಲದು, ನನ್ನ ಓದೂ ಸಾಲದು. ಜಿಲ್ಲೆಯಲ್ಲಿ ಎಲ್ಲಿ ತೋರಿಸಬಹುದು ಅಂತ ನಾಲ್ಕಾರು ಕಡೆ ವಿಚಾರಿಸಿದೆ. ರಕ್ತದ ಸ್ಲೈಡ್ ನೋಡುವವರು ಸಿಕ್ಕರು. ಸೊಳ್ಳೆ ನೋಡುವವರು ಸಿಗಲಿಲ್ಲ. "ಬೆಂಗಳೂರಿಗೆ ಕಳಿಸಬೇಕ್ರಿ" ಅಂದರು ಒಬ್ಬರು. ಬಾಟಲಿ ಹಿಡಿದುಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಲಾ?

ಯಾವ ಸೊಳ್ಳೆ ಅಂತ ತಿಳಿಯದಿದ್ದರೆ ಎಷ್ಟು ಕಾಲ ದಂಡ ಆಗುತ್ತದೆ ಅನ್ನುವುದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಮಲೇರಿಯಾ ರೋಗಾಣು ಹುಡುಕುತ್ತಾ 1895ರಿಂದ ಎರಡು ವರ್ಷ ಸೊಳ್ಳೆಗಳ ಹೊಟ್ಟೆ ಸೀಳಿ ಸೀಳಿ ನೋಡಿದರು. ಏನೂ ಸಿಗಲಿಲ್ಲ. ಅವರು ಸೀಳುತ್ತಿದ್ದದ್ದು ಮಲೇರಿಯಾ ತರದ ಸೊಳ್ಳೆಗಳನ್ನು. 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ, ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಬೇರೊಂದು ಸೊಳ್ಳೆ ಅವರ ಕೈಗೆ ಬಂತು. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಗೆ ಸೊಳ್ಳೆಗೆ ಒಂದು ಆಣೆಯಂತೆ ಕೊಟ್ಟು ಕಚ್ಚಿಸಿಕೊಳ್ಳಲು ಒಪ್ಪಿಸಿದರು. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ರೋಗಾಣುವಿನ ಗಂಟು ಕಂಡಿತು. ಆಗ ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಎಲ್ಲ ನಿಜಾಮರ ಹೈದರಾಬಾದಿನ ಸೀಮೆಯೇ. ಅಷ್ಟು ಹತ್ತಿರದಲ್ಲಿ ಜಗತ್ತಿಗೆ ಸಿಕ್ಕ ಪಾಠ ನಮ್ಮ ಚರಂಡಿಯ ಹತ್ತಿರ ಇನ್ನೂ ಬಂದಿಲ್ಲ.

ನಮ್ಮ ಭಾಗಕ್ಕೆ ಮುಖ್ಯವಾದ ಸೊಳ್ಳೆಗಳು ಎರಡು. ಪೇಟೆಯ ಮಲೇರಿಯಾಕ್ಕೆ ಅನಾಫಿಲಿಸ್ ಸ್ಟೀಫೆನ್ಸಿ. ಬಾವಿ, ಡ್ರಮ್, ಮಹಡಿಯ ಮೇಲಿನ ಟಾಕಿ, ಕಟ್ಟಡ ಕಟ್ಟುವಲ್ಲಿ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು, ಎಲ್ಲಾ ಇದಕ್ಕೆ ಆಗುತ್ತದೆ. ನಮ್ಮ ಜನ ಬೆಂಗಳೂರು, ಮುಂಬೈಗೆ ಗುಳೆ ಹೋಗಿ ಇರುವುದು ಇಂಥ ಕಟ್ಟಡಗಳ ಬುಡದಲ್ಲೇ. ಹಬ್ಬಕ್ಕೆ ಊರಿಗೆ ಬರುವಾಗ ಕೆಲವರು ರಕ್ತದಲ್ಲಿ ಮಲೇರಿಯಾ ಹೊತ್ತು ಬರುತ್ತಾರೆ. ಊರಿನಲ್ಲಿ ಅದನ್ನು ಹೀರಿ ಇನ್ನೊಬ್ಬರಿಗೆ ಕೊಡಬಲ್ಲ ಸೊಳ್ಳೆ ಕಾದಿರುತ್ತದೆ. ಹಳ್ಳಿಯಲ್ಲಿ ಆ ಕೆಲಸ ಹೆಚ್ಚಾಗಿ ಅನಾಫಿಲಿಸ್ ಕ್ಯುಲಿಸಿಫೇಸೀಸ್‌ನದು. ಸಣ್ಣದು, ನೋಡಲು ಸಾದಾ. ಕೆನಾಲು, ಹಳ್ಳದ ಹೊಂಡ, ಹೊಸದಾಗಿ ನಾಟಿ ಮಾಡಿದ ಗದ್ದೆ ಇದರ ತವರು. ಹಗಲು ಕೊಟ್ಟಿಗೆಯಲ್ಲಿ ಕೂತಿರುತ್ತದೆ.

ಈ ಕೆನಾಲಿನ ಸೊಳ್ಳೆಯ ಕಥೆ ಇನ್ನೂ ಗೋಜಲು. ಬಹಳ ವರ್ಷ ಇದನ್ನು ಒಂದೇ ಸೊಳ್ಳೆ ಅಂದುಕೊಂಡಿದ್ದರು. 1980ರಿಂದ ಈಚೆಗೆ ಗೊತ್ತಾದ ಪ್ರಕಾರ ಇದು ಐದು ಸೊಳ್ಳೆ. ಎ, ಬಿ, ಸಿ, ಡಿ, ಇ ಅಂತ ಹೆಸರಿಟ್ಟಿದ್ದಾರೆ. ರೆಕ್ಕೆ, ಕಾಲು, ಮೂತಿ ಎಲ್ಲಾ ಒಂದೇ ಥರ, ಅವಳಿ ಮಕ್ಕಳ ಹಾಗೆ. ಮೊಟ್ಟೆ ಅರ್ಧ ಬಲಿತ ಹೆಣ್ಣು ಸೊಳ್ಳೆಯ ಅಂಡಾಶಯ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕ್ರೋಮೋಸೋಮ್ ನೋಡಬೇಕು. ಇಳಕಲ್ ಸೀರೆಯ ಅಂಚಿನಂತೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಕೆಲವು ಕಡೆ ಆ ಪಟ್ಟೆಗಳ ಸಾಲು ತಿರುಗಿ ಕೂತಿರುತ್ತದೆ, ಅಂಚಿನ ಒಂದು ತುಂಡು ಕತ್ತರಿಸಿ ಉಲ್ಟಾ ಹೊಲಿದ ಹಾಗೆ. ಯಾವ ತುಂಡು ಉಲ್ಟಾ ಇದೆ ಅನ್ನುವುದರ ಮೇಲೆ ಇದು ಎ, ಇದು ಬಿ ಅಂತ ಹೇಳುತ್ತಾರೆ. ಎ ಮಲೇರಿಯಾ ಹರಡುವ ಸೊಳ್ಳೆ. ಬಿ ಹೆಚ್ಚಾಗಿ ದನಗಳನ್ನೇ ಕಚ್ಚುತ್ತದೆ, ಅದರಿಂದ ನಮಗೆ ಅಷ್ಟು ತೊಂದರೆ ಇಲ್ಲ.

ಹಾಗಿದ್ದರೆ ರಾಮೇಶ್ವರದಲ್ಲಿ ಆದದ್ದೇನು? ಆ ದ್ವೀಪದಲ್ಲಿ ಪಟ್ಟೆ ನೋಡಿದರೆ ಬಿ ಅನ್ನಿಸುವ ಸೊಳ್ಳೆ. ನಿರುಪದ್ರವಿ ಅಂತ ಹೆಸರು ಪಡೆದದ್ದು. ಆದರೂ ಅಲ್ಲಿ ಮಲೇರಿಯಾ ಬಿಡಲಿಲ್ಲ. 1999ರಲ್ಲಿ ಸರಳಾ ಸುಬ್ಬರಾವ್ ಮತ್ತು ಅವರ ಸಂಗಡಿಗರು ಗಂಟು ಬಿಚ್ಚಿದರು. ಹೆಣ್ಣು ಸೊಳ್ಳೆಯನ್ನು ಎಷ್ಟು ನೋಡಿದರೂ ಗುಟ್ಟು ಕಾಣುತ್ತಿರಲಿಲ್ಲ. ಅದು ಇಟ್ಟ ಮೊಟ್ಟೆಯಿಂದ ಹುಟ್ಟಿದ ಗಂಡುಗಳ ವೈ ಕ್ರೋಮೋಸೋಮ್ ನೋಡಬೇಕಿತ್ತು, ಅದು ಗಂಡಿನಲ್ಲಿ ಮಾತ್ರ ಇರುತ್ತದೆ. ಕೆಲವು ಗಂಡುಗಳಲ್ಲಿ ಆ ಕ್ರೋಮೋಸೋಮಿನ ಆಕಾರವೇ ಬೇರೆ. ಬಿ ಅಂತ ಸುಮ್ನೆ ಬಿಟ್ಟಿದ್ದ ಗುಂಪಿನೊಳಗೆ ಇನ್ನೊಂದು ಸೊಳ್ಳೆ ಇತ್ತು. ಮನುಷ್ಯರನ್ನು ಕಚ್ಚುವ, ಮಲೇರಿಯಾ ಹರಡುವ ಸೊಳ್ಳೆ. ಅದೇ ಇ. ತಾಯಿಯ ಗುಟ್ಟು ಮಗನಲ್ಲಿ ಬಯಲಾಯಿತು ಅಂತ ಕ್ಲಾಸಿನಲ್ಲಿ ಹೇಳಿದರೆ ಮಕ್ಕಳು ಪತ್ತೇದಾರಿ ಕಥೆ ಕೇಳಿದ ಹಾಗೆ ಕೇಳುತ್ತಾರೆ. ಕೇಳಿಯಾದ ಮೇಲೆ ಒಬ್ಬ ಎದ್ದು ನಿಂತ. "ಸರ್, ನಮ್ಮ ಕೆನಾಲಿಂದು ಯಾವುದ್ರಿ?" ಆ ಪ್ರಶ್ನೆಯನ್ನೇ ನಾನು ನಿಮಗೆ ದಾಟಿಸುತ್ತಿದ್ದೇನೆ.

ಸ್ಟೀಫೆನ್ಸಿಯಲ್ಲೂ ಬಗೆಗಳಿವೆ. ಅದರ ಮೊಟ್ಟೆಯ ಎರಡೂ ಪಕ್ಕ ತೇಲುವುದಕ್ಕೆ ಗಾಳಿಯ ಚೀಲ ಇರುತ್ತದೆ, ಅದರ ಮೇಲೆ ಗೆರೆಗಳು. ಸ್ವೀಟ್ ಮತ್ತು ರಾವ್ ಎಂಬ ಇಬ್ಬರು ಆ ಗೆರೆಗಳನ್ನು ಎಣಿಸಿ 1937ರಲ್ಲಿ ಬಗೆಗಳನ್ನು ಬೇರೆ ಮಾಡಿದರು. ಗೆರೆ ಜಾಸ್ತಿ ಇರುವುದು ಪೇಟೆಯ, ರೋಗ ಹರಡುವ ಬಗೆ. ಕಡಿಮೆ ಇರುವುದು ಹಳ್ಳಿಯ ಬಗೆ, ಭಾರತದಲ್ಲಿ ಅದರಿಂದ ಮಲೇರಿಯಾ ಹರಡುವುದು ಕಡಿಮೆ. ಆ ಹಳ್ಳಿಯ ಬಗೆಗೆ ಕೊಟ್ಟ ಹೆಸರು ಏನು ಗೊತ್ತಾ? ಮೈಸೂರೆನ್ಸಿಸ್. ನಮ್ಮ ಮೈಸೂರಿನ ಹೆಸರೇ! ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸ್ಟೀಫೆನ್ಸಿಯ ತಳಿವಿಜ್ಞಾನದ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಈ ವಿದ್ಯೆ ಕರ್ನಾಟಕಕ್ಕೆ ಹೊಸದೇನಲ್ಲ. ತುಂಗಭದ್ರೆ ದಾಟಿ ಈ ಕಡೆ ಬಂದಿಲ್ಲ ಅಷ್ಟೇ.

ಇದೆಲ್ಲಾ ಪುಸ್ತಕದ ಮಾತು, ಔಷಧಿ ಹೊಡೆದರೆ ಎಲ್ಲವೂ ಸಾಯುತ್ತವಲ್ಲ ಅಂತ ನೀವು ಕೇಳಬಹುದು. ಸಾಯುವುದಿಲ್ಲ. 1953ರಲ್ಲಿ ದೇಶದ ಮಲೇರಿಯಾ ಕಾರ್ಯಕ್ರಮ ಶುರುವಾದಾಗ ಡಿಡಿಟಿ ಬ್ರಹ್ಮಾಸ್ತ್ರ ಅಂದುಕೊಂಡಿದ್ದರು. 1965ರ ಹೊತ್ತಿಗೆ ವರ್ಷಕ್ಕೆ ಸುಮಾರು 1 ಲಕ್ಷ ಪ್ರಕರಣಕ್ಕೆ ಇಳಿಯಿತು. 1976ರಲ್ಲಿ ಮತ್ತೆ 64 ಲಕ್ಷ ಮುಟ್ಟಿತು. ಕಾರಣಗಳು ಹಲವು, ಸೊಳ್ಳೆ ಡಿಡಿಟಿಗೆ ಜಗ್ಗದೇ ಹೋದದ್ದು ಅದರಲ್ಲಿ ಒಂದು. ಆಮೇಲೆ ಮೆಲಾಥಿಯಾನ್ ಬಂತು, ಅದಕ್ಕೂ ಹೊಂದಿಕೊಂಡಿತು. ಈಗಿನ ಸೊಳ್ಳೆ ಪರದೆಗೆ ಹಚ್ಚುವುದು, ಗೋಡೆಗೆ ಹೊಡೆಯುವುದು ಹೆಚ್ಚಾಗಿ ಪೈರೆಥ್ರಾಯ್ಡ್ ಗುಂಪಿನ ಔಷಧಿ. ಅದು ಸೊಳ್ಳೆಯ ನರದ ಒಂದು ಬಾಗಿಲಿಗೆ ಹೋಗಿ ಕೂರುತ್ತದೆ. ಆ ಬಾಗಿಲಿನ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಸಾಕು, ಔಷಧಿಗೆ ಹಿಡಿತ ಸಿಗುವುದಿಲ್ಲ. ಇಂಥ ಬದಲಾವಣೆ ಭಾರತದ ಕ್ಯುಲಿಸಿಫೇಸೀಸ್‌ನಲ್ಲಿ ಈಗಾಗಲೇ ಸಿಕ್ಕಿದೆ. ನಮ್ಮ ಕೆನಾಲಿನಲ್ಲಿ ಇದೆಯಾ? ನೋಡಿದವರು ನನಗೆ ಸಿಕ್ಕಿಲ್ಲ.

ನೋಡುವುದು ಕಷ್ಟವೂ ಅಲ್ಲ. ಔಷಧಿ ಹಚ್ಚಿದ ಕಾಗದವಿರುವ ಕೊಳವೆಯಲ್ಲಿ 20-25 ಹೆಣ್ಣು ಸೊಳ್ಳೆಗಳನ್ನು ಒಂದು ತಾಸು ಬಿಡಬೇಕು. ಆಮೇಲೆ ಬೇರೆ ಕೊಳವೆಗೆ ದಾಟಿಸಿ, ಸಕ್ಕರೆ ನೀರು ಕೊಟ್ಟು, 24 ತಾಸಿನ ನಂತರ ಸತ್ತವನ್ನು ಎಣಿಸಬೇಕು. ಇಂಥ ನಾಲ್ಕೈದು ಕೊಳವೆಗಳ ಲೆಕ್ಕ ಕೂಡಿಸಿ ನೋಡುತ್ತಾರೆ. 100ಕ್ಕೆ 98 ಅಥವಾ ಅದಕ್ಕಿಂತ ಜಾಸ್ತಿ ಸತ್ತರೆ ಔಷಧಿ ಕೆಲಸ ಮಾಡುತ್ತಿದೆ ಅಂತ ಲೆಕ್ಕ. 90ಕ್ಕಿಂತ ಕಡಿಮೆಯಾದರೆ ಆ ಔಷಧಿಯನ್ನು ನಂಬಿ ಕೂರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪರೀಕ್ಷೆ ಇದು. ನಮ್ಮ ಪಿಯುಸಿ ಮಕ್ಕಳು ಮಾಡಬಲ್ಲರು.

ಇನ್ನು ಮೊಬೈಲಿನಲ್ಲಿ ಓಡಾಡುವ ಇನ್ನೊಂದು ವಿಷಯ. ಸೊಳ್ಳೆಯ ಜೀನನ್ನೇ ತಿದ್ದಿ ಬಿಡುತ್ತಾರಂತೆ, ಇನ್ನು ಮಲೇರಿಯಾನೇ ಇರಲ್ಲವಂತೆ ಅಂತ ಒಬ್ಬರು. ಅದು ಕಚ್ಚಿದರೆ ಮಕ್ಕಳಾಗುವುದಿಲ್ಲವಂತೆ ಅಂತ ಮತ್ತೊಬ್ಬರು. ಎರಡನ್ನೂ ನಾನು ಒಂದೇ ವಾಟ್ಸಾಪ್ ಗುಂಪಿನಲ್ಲಿ ಓದಿದ್ದೇನೆ.

ನಿಜ ಇಷ್ಟು. ಮಾಮೂಲಿಯಾಗಿ ಒಂದು ಜೀನ್ ಮರಿಗಳಲ್ಲಿ ಅರ್ಧದಷ್ಟಕ್ಕೆ ದಾಟುತ್ತದೆ. 2015ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಇದೇ ಸ್ಟೀಫೆನ್ಸಿಯಲ್ಲಿ, ಮಲೇರಿಯಾ ರೋಗಾಣುವನ್ನು ತಡೆಯುವ ಜೀನ್ ಹೆಚ್ಚುಕಡಿಮೆ ಎಲ್ಲಾ ಮರಿಗಳಿಗೂ ದಾಟುವ ಹಾಗೆ ಮಾಡಿದರು. ಅದು ಪ್ರಯೋಗಾಲಯದ ಒಳಗೆ. ಹೊರಗೆ ಬಿಟ್ಟದ್ದು ಬೇರೆ ಥರದ್ದು. ಆಫ್ರಿಕಾದ ಜಿಬೂಟಿಯಲ್ಲಿ 2012ರಲ್ಲಿ ಸ್ಟೀಫೆನ್ಸಿ ಮೊದಲ ಸಲ ಕಾಣಿಸಿತು. ಆ ವರ್ಷ ಅಲ್ಲಿ 27 ಮಲೇರಿಯಾ ಪ್ರಕರಣ. 2020ರಲ್ಲಿ 73 ಸಾವಿರ ದಾಟಿತು. ನಮ್ಮ ಕಡೆಯ ಸೊಳ್ಳೆ ಅಲ್ಲಿ ಹೋಗಿ ಮಾಡಿದ ಅನಾಹುತ ಅದು. 2024ರ ಮೇ ತಿಂಗಳಲ್ಲಿ ಅಲ್ಲಿ ಜೀನ್ ತಿದ್ದಿದ ಗಂಡು ಸ್ಟೀಫೆನ್ಸಿಗಳನ್ನು ಬಿಟ್ಟರು. ಗಂಡು ಕಚ್ಚುವುದೇ ಇಲ್ಲ. ಅದಕ್ಕೆ ಹುಟ್ಟುವ ಹೆಣ್ಣುಮರಿಗಳು ದೊಡ್ಡವಾಗುವ ಮೊದಲೇ ಸಾಯುತ್ತವೆ.

ನನಗೆ ಈ ವಿಜ್ಞಾನದ ಮೇಲೆ ಸಿಟ್ಟಿಲ್ಲ, ಆಸೆಯೇ ಇದೆ. ಆದರೆ ಒಂದು ಮಾತು ಗಮನಿಸಿ. ಸ್ಟೀಫೆನ್ಸಿಯ ಗಂಡು ಹೋಗಿ ಕೂಡುವುದು ಸ್ಟೀಫೆನ್ಸಿಯ ಹೆಣ್ಣಿನ ಜೊತೆ. ಕೆನಾಲಿನ ಕ್ಯುಲಿಸಿಫೇಸೀಸ್‌ಗೆ ಅದರಿಂದ ಕೂದಲೂ ಕೊಂಕುವುದಿಲ್ಲ. ನಾಳೆ ಯಾರೋ ಡಬ್ಬಿಯಲ್ಲಿ ಸೊಳ್ಳೆ ತಂದು ಶಹಾಪುರದ ಗದ್ದೆಯಲ್ಲಿ ಬಿಟ್ಟರೆ ಹೊಗೆ ಮಷಿನ್ನಿನ ಕಥೆಯೇ ಆಗುತ್ತದೆ, ಖರ್ಚು ಮಾತ್ರ ಜಾಸ್ತಿ.

ಜನರನ್ನು ಕೇಳದೆ ಮಾಡಿದರೆ ಏನಾಗುತ್ತದೆ ಅನ್ನುವುದನ್ನೂ ನಮ್ಮ ದೇಶ ನೋಡಿದೆ. 1969ರಿಂದ ದೆಹಲಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸೇರಿ ಸೊಳ್ಳೆಗಳ ತಳಿ ನಿಯಂತ್ರಣದ ಘಟಕ ನಡೆಸಿದವು. ದುಡ್ಡು ಅಮೆರಿಕದ್ದು. ಸೋನಿಪತ್‌ನಲ್ಲಿ ಸಂತಾನಶಕ್ತಿ ಇಲ್ಲದ ಗಂಡು ಸೊಳ್ಳೆ ಬಿಡಬೇಕು ಅನ್ನುವಾಗ, ಇದು ಜೈವಿಕ ಯುದ್ಧದ ತಯಾರಿ ಅಂತ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಗಲಾಟೆ ಎದ್ದಿತು. 1975ರಲ್ಲಿ ಅಂಗಡಿ ಮುಚ್ಚಿದರು. ಅನುಮಾನ ಸರಿಯೋ ತಪ್ಪೋ, ಅದು ಬೆಳೆದದ್ದು ಯಾರೂ ಬಿಡಿಸಿ ಹೇಳದೇ ಇದ್ದದ್ದರಿಂದ.

ಮಲೇರಿಯಾ ಮೊದಲಿಗಿಂತ ಬಹಳ ಕಡಿಮೆಯಾಗಿದೆ, ಒಪ್ಪುತ್ತೇನೆ. ಆಶಾ ಅಕ್ಕಂದಿರ ಓಡಾಟ ಅದಕ್ಕೆ ಒಂದು ಕಾರಣ. 2030ಕ್ಕೆ ದೇಶದಿಂದಲೇ ತೊಲಗಿಸಬೇಕು ಅಂತ ಕೇಂದ್ರದ ಗುರಿ ಇದೆ. ಕೊನೆಯ ನಾಲ್ಕು ಪ್ರಕರಣ ಹುಡುಕುವಾಗಲೇ ಸೊಳ್ಳೆಯ ಗುರುತು ಜಾಸ್ತಿ ಬೇಕಾಗುವುದು. ಇದು ಆರೋಗ್ಯ ಇಲಾಖೆಯ ಕೆಲಸ, ನಮ್ಮನ್ನೇಕೆ ಕೇಳುತ್ತೀರಿ ಅಂತೀರಾ? ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದು ದಶಕ ಕಳೆದಿದೆ. ಬೆಂಗಳೂರಿನಲ್ಲಿ ಇದ್ದು ಇಲ್ಲಿ ಇಲ್ಲದ್ದನ್ನು ತುಂಬುವುದಕ್ಕೇ ನಿಮ್ಮ ಮಂಡಳಿ ಇರುವುದು ಅಲ್ವಾ?

ಹಾಗಾಗಿ ಕೇಳುತ್ತೇನೆ. ಕಲಬುರಗಿಯಲ್ಲೋ ಯಾದಗಿರಿಯಲ್ಲೋ ಸೊಳ್ಳೆಗಳದ್ದೇ ಒಂದು ಸಣ್ಣ ಪ್ರಯೋಗಾಲಯ ಮಾಡಿ. ದೊಡ್ಡ ಕಟ್ಟಡ, ಶಿಲಾನ್ಯಾಸ ಬೇಡ. ಎರಡು ಕೋಣೆ, ಒಳ್ಳೆಯ ಸೂಕ್ಷ್ಮದರ್ಶಕ, ಜೀನ್ ಪರೀಕ್ಷೆಗೆ ಒಂದು ಪಿಸಿಆರ್ ಯಂತ್ರ, ಸೊಳ್ಳೆ ಸಾಕುವ ಪಂಜರ, ಕೆಲಸ ಗೊತ್ತಿರುವ ಒಬ್ಬ ಕೀಟತಜ್ಞ. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಜೋಡಿಸಿದರೆ ಕೈಗಳಿಗೆ ಕೊರತೆ ಇಲ್ಲ. ತಿಂಗಳಿಗೊಮ್ಮೆ ನಸುಕಿನಲ್ಲಿ ಕೊಟ್ಟಿಗೆಗಳಿಗೆ ಹೋಗಿ ಸೊಳ್ಳೆ ಹಿಡಿಯುವ ಜನ ಬೇಕು, ಟಾರ್ಚ್ ಮತ್ತು ಹೀರುವ ನಳಿಕೆ ಸಾಕು. ಗೋಡೆಗೆ ಔಷಧಿ ಹೊಡೆಯುವ ಮೊದಲು, ಅದು ಇಲ್ಲಿನ ಸೊಳ್ಳೆಗೆ ನಾಟುತ್ತದೋ ಇಲ್ಲವೋ ಅನ್ನುವ ಪರೀಕ್ಷೆಯ ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯ್ತಿ ಬೋರ್ಡಿಗೆ ಅಂಟಿಸಿ. ಜೀನ್ ತಿದ್ದಿದ ಸೊಳ್ಳೆ ಈ ಭಾಗಕ್ಕೆ ಎಂದಾದರೂ ಬರುವುದಾದರೆ, ಮೊದಲು ಗ್ರಾಮಸಭೆಯಲ್ಲಿ ನಮ್ಮ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಕೇಳಲಿ.

ನೀರಾವರಿಯವರಿಗೂ ನಿಮ್ಮ ಮೂಲಕ ಒಂದು ಮಾತು. ಬಿಸಿಲಿನ ದಿನಗಳಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಉಪಕಾಲುವೆಗಳಿಗೆ ಸರದಿಯಂತೆ ನೀರು ಬಿಟ್ಟು, ವಾರಕ್ಕೊಮ್ಮೆ ಪೂರ್ತಿ ಒಣಗಲು ಬಿಟ್ಟರೆ ಹುಳಗಳು ಅಲ್ಲೇ ಸಾಯುತ್ತವೆ. ಒಡೆದ ಲೈನಿಂಗ್ ಸರಿ ಮಾಡಿದರೆ ಬದಿಯ ಜೌಗೂ ಆರುತ್ತದೆ. ಟೇಲ್ ಎಂಡಿನ ರೈತರಿಗೆ ನೀರೂ ಮುಟ್ಟುತ್ತದೆ.

ನನ್ನ ಟಾಕಿಗೆ ಈಗ ಮುಚ್ಚಳ ಹಾಕಿಸಿದ್ದೇನೆ. ಆ ಹುಡುಗಿ ಎರಡನೇ ಸಲ 14 ದಿನದ ಗುಳಿಗೆ ಪೂರ್ತಿ ನುಂಗಿದಳು, ಈಗ ಆರಾಮಾಗಿದ್ದಾಳೆ. ಈ ವರ್ಷ ಕೆನಾಲಿಗೆ ನೀರು ಬಿಟ್ಟು ಎರಡು ವಾರ ಆದ ಮೇಲೆ ಮಕ್ಕಳು ಮತ್ತೆ ಬಾಟಲಿ ಹಿಡಿದು ಹೊರಡುತ್ತಾರೆ. ಸೊಳ್ಳೆಗಳನ್ನು ಜಾಗ, ತಾರೀಖು ಬರೆದು ಹತ್ತಿಯ ಮೇಲೆ ಒಣಗಿಸಿ ಇಡುತ್ತೇವೆ. ಅವನ್ನು ಯಾವ ವಿಳಾಸಕ್ಕೆ ಕಳಿಸಬೇಕು ಅಂತ ತಿಳಿಸಿದರೆ ಅಂಚೆ ಖರ್ಚು ನಾವೇ ಹಾಕಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಮೇಷ್ಟ್ರು
ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ